ಅಕ್ಕ ಸಾಕ್ಷಿ ಹೇಳದಿದ್ದರೆ?

ಅಕ್ಕ ಕೋರ್ಟಿನಲ್ಲಿ ಬಾಯಿಬಿಡಲು ಹೆದರುತ್ತಿದ್ದಾಳೆಂದು ಬರೆದಿದ್ದೀರಿ. ಅವಳನ್ನು ಬೈಯಬೇಡಿ, ಸಂಜೆ ಅದೇ ಮನೆಗೆ ಮರಳಬೇಕಾದವಳು ಅವಳು. ಗಂಡ ಅಥವಾ ಅವನ ಕಡೆಯವರ ಕ್ರೌರ್ಯಕ್ಕೆ ಸಂಬಂಧಿಸಿದ, ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನ ಮೊಕದ್ದಮೆ ನಡೆಸುವುದು ಸರ್ಕಾರ, ಅವಳು ಸುಮ್ಮನಾದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಹಲ್ಲೆಯಾದ ರಾತ್ರಿ 112ಕ್ಕೆ ಹೋದ ಕರೆಯ ದಾಖಲೆ, ಚೀರಾಟ ಕೇಳಿ ಬಾಗಿಲು ತಟ್ಟಿದ ಪಕ್ಕದ ಮನೆಯವರ ಮಾತು ಎಲ್ಲವೂ ನೆರವಿಗೆ ಬರುತ್ತವೆ. ಅವಳು ಮೊದಲಿನ ಹೇಳಿಕೆಯಿಂದ ಹಿಂದೆ ಸರಿದು ಪ್ರತಿಕೂಲ ಸಾಕ್ಷಿಯಾದರೂ, ಕೋರ್ಟಿನಲ್ಲಿ ನುಡಿದದ್ದರಲ್ಲಿ ನಂಬಲರ್ಹವಾದ ಭಾಗವನ್ನು ನ್ಯಾಯಾಧೀಶರು ಪರಿಗಣಿಸಬಹುದು. ಪೊಲೀಸರ ಮುಂದೆ ಕೊಟ್ಟ ಹೇಳಿಕೆಯೊಂದನ್ನೇ ನೆಚ್ಚಿ ಮಾತ್ರ ಶಿಕ್ಷೆಯಾಗದು. ಹಾಗಾಗಿ ಇಂಥ ಕೇಸು ಗೆಲ್ಲುವುದು ಕಷ್ಟ, ಮುಚ್ಚಿಡುವುದಿಲ್ಲ. ಅವಳ ಊದಿದ ಕೆನ್ನೆ, ಒಡೆದ ಬಳೆ ಕಣ್ಣಾರೆ ಕಂಡವರು ನೀವು. ನೀವು ಸಾಕ್ಷಿ ಹೇಳಿ. ಅದಕ್ಕೂ ಮೊದಲು 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ರಕ್ಷಣಾ ಆದೇಶಕ್ಕೆ ಅರ್ಜಿ ಹಾಕಿಸಿ. ಮಹಿಳಾ ಸಹಾಯವಾಣಿ 181 ರಾತ್ರಿಯೂ ತೆರೆದಿರುತ್ತದೆ.