ಖಾಡಿಯ ಕೆಸರಿನಲ್ಲಿ ರಾಜಹಂಸ

ಕಾವ್ಯದ ತರಗತಿಯಲ್ಲಿ ಹಂಸ ಬಂದಾಗಲೆಲ್ಲ ಹಾಲು-ನೀರಿನ ಮಾತನ್ನು ಬರೆದುಕೊಂಡು ಮುಂದಿನ ಪದ್ಯಕ್ಕೆ ಹೋಗುತ್ತೇವೆ. ಅದು ಯಾವ ಹಕ್ಕಿ ಅಂತ ಯಾರೂ ಕೇಳುವುದಿಲ್ಲ, ಪರೀಕ್ಷೆಗೆ ಬರುವುದಿಲ್ಲವಲ್ಲ! ಅಮರಕೋಶ ಮಾತ್ರ ಲಕ್ಷಣ ಹೇಳಿಬಿಟ್ಟಿದೆ: ಮೈ ಬಿಳಿ, ಕೊಕ್ಕೂ ಕಾಲೂ ಕೆಂಪು ಇದ್ದರೆ ರಾಜಹಂಸ. ಕನ್ನಡ ಪತ್ರಿಕೆಗಳು ಫ್ಲೆಮಿಂಗೋಗೆ ಕೊಟ್ಟ ಹೆಸರೂ ಇದೇ. ಸರಿ, ನೋಡಿಯೇ ಬಿಡೋಣ ಎಂದು ಸಂಘದ ನಾವು ಆರು ಮಂದಿ ಫೆಬ್ರವರಿಯ ಒಂದು ಭಾನುವಾರ ಐರೋಲಿಗೆ ಹೋಗಿ ಅರಣ್ಯ ಇಲಾಖೆಯ ದೋಣಿ ಹತ್ತಿದೆವು.

ಖಾಡಿ ಮರಾಠಿ ಮಾತು. ಸಮುದ್ರ ಒಳನುಗ್ಗಿ, ಸಿಹಿನೀರಿನೊಡನೆ ಬೆರೆತು, ದಿನಕ್ಕೆರಡು ಸಲ ಏರಿ ಇಳಿಯುವ ಜಾಗ. ನಮ್ಮ ಅಳಿವೆಯ ನೆಂಟ. ದಡದ ಮ್ಯಾಂಗ್ರೋವ್ ಕಂಡು ಕುಂದಾಪುರದ ಗೆಳೆಯ "ಹೋ, ಕಾಂಡ್ಲಾ!" ಅಂದ. ಇಳಿತದಲ್ಲಿ ಕೆಸರು ಬಯಲಾದಾಗ ಹಕ್ಕಿಗೆ ಊಟ, ದೋಣಿಗೆ ದಾರಿಯಿಲ್ಲ. ಭರತದಲ್ಲಿ ದೋಣಿ ಸಲೀಸು, ಹಕ್ಕಿಗೆ ನಿಲ್ಲಲು ನೆಲವಿಲ್ಲ. ನಡುವಿನ ಹೊತ್ತು ನೋಡಿ ಹೋಗಬೇಕು.

ಎರಡು ಜಾತಿ ಇವೆ. ದೊಡ್ಡದು ಹೆಚ್ಚುಕಡಿಮೆ ಬಿಳಿ, ಕಾಲು ಗುಲಾಬಿ, ಗುಲಾಬಿ ಕೊಕ್ಕಿಗೆ ಕಪ್ಪು ತುದಿ. ಸಿಗಡಿಯಂಥ ಸಣ್ಣ ಜೀವಿಗಳನ್ನು ತಿನ್ನುತ್ತದೆ. ಚಿಕ್ಕದರ ಬಣ್ಣ ಗಾಢ, ಕೊಕ್ಕು ಕಡುಗೆಂಪು. ಅದಕ್ಕೆ ಸೂಕ್ಷ್ಮ ಪಾಚಿಯೇ ಊಟ. ಮೈಯ ಕೆಂಪು ಹುಟ್ಟಿನಿಂದ ಬಂದದ್ದಲ್ಲ, ತಿಂದದ್ದರಿಂದ, ಮರಿಗಳು ಬೂದು. ತಲೆಯನ್ನು ಬುಡಮೇಲು ಮಾಡಿ ಕೊಕ್ಕನ್ನು ನೀರಲ್ಲಿ ಅದ್ದುತ್ತವೆ. ನಾಲಗೆ ಪಂಪಿನಂತೆ ನೀರೆಳೆದು ಹೊರದಬ್ಬುತ್ತದೆ. ಕೊಕ್ಕಿನೊಳಗಿನ ಸಣ್ಣ ಹಲ್ಲುಸಾಲು ಆಹಾರವನ್ನು ಸೋಸಿ ಉಳಿಸಿಕೊಳ್ಳುತ್ತದೆ. ಹಾಲು-ನೀರನ್ನು ಬೇರ್ಪಡಿಸುವ ಹಂಸ ಎಲ್ಲಿದೆಯೋ, ಕೆಸರಿನಿಂದ ಅನ್ನ ಸೋಸುವ ಹಕ್ಕಿಯನ್ನಂತೂ ಕಣ್ಣಾರೆ ಕಂಡೆವು. ಹಾಗೆಂದು ಅಮರಸಿಂಹನ ಹಕ್ಕಿ ಇದೇ ಎಂದು ನಾನು ವಾದಿಸುವುದಿಲ್ಲ. ಹಂಸವೆಂದರೆ ಪಟ್ಟೆತಲೆ ಹೆಬ್ಬಾತು ಎನ್ನುವವರೂ ಇದ್ದಾರೆ. ದೊಡ್ಡ ಜಾತಿಗೆ ಲಕ್ಷಣ ಒಪ್ಪುತ್ತದೆ, ಅಷ್ಟೆ.

1990ರ ದಶಕದಿಂದ ಇವು ಇಲ್ಲಿ ಹಿಂಡುಹಿಂಡಾಗಿ ಬರುತ್ತಿವೆ. ನಗರದ ಚರಂಡಿ ನೀರಿನಿಂದ ಪಾಚಿ ಹುಲುಸಾದದ್ದೇ ಕಾರಣವೆಂದು ಒಂದು ವಿವರಣೆ. ನಮ್ಮ ಹೊಲಸು ಅವುಗಳ ಹಬ್ಬ! 2015ರಲ್ಲಿ ಸುಮಾರು 17 ಚದರ ಕಿಲೋಮೀಟರ್ ಅಭಯಾರಣ್ಯವಾಯಿತು. 2022ರಲ್ಲಿ ಖಾಡಿ ರಾಮ್ಸರ್ ಪಟ್ಟಿಗೆ ಸೇರಿತು.

ಆದರೆ ಭರತದ ಹೊತ್ತಿಗೆ ಹಕ್ಕಿಗಳು ಹೋಗುವುದು ಅಭಯಾರಣ್ಯದ ಗಡಿಯಾಚೆ, ನೆರೂಳ್ ಕಡೆಯ ಕೆರೆಗಳಿಗೆ. ಅಲ್ಲಿ ನೀರು ಬರುವ ಕಾಲುವೆ ಮುಚ್ಚಿದರೆ, ಕೆರೆ ತುಂಬಿಸಿ ಮನೆ ಕಟ್ಟಿದರೆ, ಖಾಡಿಯನ್ನಷ್ಟೇ ಕಾದು ಏನು ಬಂತು? ಊಟದ ಮನೆ ಉಳಿಸಿ ಮಲಗುವ ಮನೆ ಕೆಡವಿದ ಹಾಗೆ. 2024ರ ಮೇ 20ರ ರಾತ್ರಿ ಘಾಟ್‌ಕೋಪರ್ ಬಳಿ ವಿಮಾನಕ್ಕೆ ಬಡಿದು ಮೂವತ್ತಕ್ಕೂ ಹೆಚ್ಚು ರಾಜಹಂಸಗಳು ಸತ್ತವು. ಕೆರೆಗಳಲ್ಲಿ ನೆಲೆ ತಪ್ಪಿದ್ದರಿಂದಲೇ ಹೀಗಾಯಿತೆಂದು ಪಕ್ಷಿಪ್ರೇಮಿಗಳು ಆಗ ದೂರಿದರು.

ಹಕ್ಕಿಗಳು ನವೆಂಬರಿನಿಂದ ಮೇವರೆಗೆ ಇರುತ್ತವೆ. ದೋಣಿಗೆ ದುಡ್ಡಿಲ್ಲದವರು ಭರತದ ವೇಳೆ ಕೇಳಿಕೊಂಡು ನೆರೂಳ್ ಲೋಕಲ್ ಹಿಡಿಯಿರಿ. ಕೆರೆಯ ದಂಡೆಯಲ್ಲಿ ನಿಲ್ಲಲು ಟಿಕೆಟ್ಟಿಲ್ಲ.