ಬೆಳ್ಳಾವಿ ಸೀಮೆಯ ಬಸುರಿಗೆ, ಅವಳ ಅತ್ತೆಗೆ, ಗಂಡನಿಗೆ ಕೆಲವು ಕಿವಿಮಾತು

ನಮ್ಮ ಕಡೆ ಬಸುರಿಯನ್ನು ಕಂಡವರೆಲ್ಲ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತಾರೆ. ಇದು ತಿನ್ನು, ಅದು ಮುಟ್ಟಬೇಡ, ಗ್ರಹಣಕ್ಕೆ ಹೊರಗೆ ಬರಬೇಡ. ಇಷ್ಟು ವರ್ಷ ಕೇಳಿ, ಕಣ್ಣಾರೆ ನೋಡಿ ನಾನು ಉಳಿಸಿಕೊಂಡಿರುವ ಮಾತುಗಳು ಇವು. ಹೊಟ್ಟೆ ತುಂಬ ಊಟ, ಬೇಕಾದಷ್ಟು ನೀರು, ಬೆಚ್ಚನೆಯ ಜಾಗ, ಪಕ್ಕದಲ್ಲಿ ಜನ. ಇವನ್ನು ಕೊಡುವ ಪದ್ಧತಿ ಎಷ್ಟು ಹಳೆಯದಾದರೂ ಇರಲಿ. ಇವನ್ನು ಕಿತ್ತುಕೊಳ್ಳುವ ಪದ್ಧತಿಯನ್ನು ಯಾರೇ ಹೇಳಿದ್ದರೂ ಬಿಟ್ಟುಬಿಡಿ.

• ಮಗು ಬೇಕು ಎಂದುಕೊಂಡಾಗಲೇ ಗಂಡ ಹೆಂಡತಿ ಇಬ್ಬರೂ ಒಮ್ಮೆ ಡಾಕ್ಟರ ಬಳಿ ಹೋಗಿ ಬನ್ನಿ. ರಕ್ತ, ಸಕ್ಕರೆ, ಥೈರಾಯ್ಡ್, ಬಿ.ಪಿ. ನೋಡಿಸಿ. ಫೋಲಿಕ್ ಆಸಿಡ್ ಮಾತ್ರೆಯನ್ನು ಆಗಿನಿಂದಲೇ ಕೇಳಿ ಪಡೆಯಿರಿ, ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಮಗುವಿನ ಮೆದುಳು, ಬೆನ್ನುಹುರಿಗೆ ಬುನಾದಿ ಬೀಳುವುದು ಮೊದಲ ನಾಲ್ಕು ವಾರದಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಹುಡುಗಿಯರಿಗೆ ತಾವು ಬಸುರಿ ಎಂಬುದೇ ಗೊತ್ತಿರುವುದಿಲ್ಲ. ಮೂರ್ಛೆರೋಗಕ್ಕೋ ಬಿ.ಪಿ.ಗೋ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಮೊದಲೇ ಹೇಳು. ನೀನಾಗಿಯೇ ನಿಲ್ಲಿಸಬೇಡ.

• ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ ಅದನ್ನು ಡಾಕ್ಟರಿಗೆ ತಿಳಿಸಲೇಬೇಕು. ನಮ್ಮಲ್ಲಿ ಇದು ಸಾಮಾನ್ಯ, ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ರಕ್ತಸಂಬಂಧದಲ್ಲಿ ಕೆಲವು ಹುಟ್ಟುಕಾಯಿಲೆಗಳ ಸಾಧ್ಯತೆ ಹೆಚ್ಚು. ಮೊದಲೇ ಗೊತ್ತಿದ್ದರೆ ಬೇಕಾದ ಪರೀಕ್ಷೆ ಮಾಡಿಸಬಹುದು.

• ಹುಡುಗಿಗೆ ಇಪ್ಪತ್ತು ತುಂಬುವವರೆಗೆ ಬಸಿರು ಬೇಡ. ಇದರಲ್ಲಿ ಚರ್ಚೆಯೇ ಇಲ್ಲ.

• ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಗೆ ಹೇಳಿ, ಮೂರು ತಿಂಗಳು ತುಂಬುವುದರೊಳಗೆ ತಾಯಿ ಕಾರ್ಡ್ ಮಾಡಿಸಿಕೋ. ತುಮಕೂರಿನಲ್ಲಿ 2022ರ ನವೆಂಬರಿನಲ್ಲಿ ನಡೆದದ್ದನ್ನು ಪತ್ರಿಕೆಗಳಲ್ಲಿ ಓದಿ ಹೊಟ್ಟೆ ಉರಿದುಹೋಯಿತು. ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ಹೆರಿಗೆ ನೋವಿನ ಹೆಂಗಸನ್ನು ಆಸ್ಪತ್ರೆಯಿಂದ ವಾಪಸು ಕಳಿಸಿದರು. ಮನೆಯಲ್ಲೇ ಹೆರಿಗೆಯಾಗಿ ತಾಯಿ, ಅವಳಿ ಮಕ್ಕಳು ಮೂವರೂ ಹೋದರು. ಕಾಗದ ಇಲ್ಲವೆಂದು ಹೆರಿಗೆಗೆ ಬಂದವಳನ್ನು ಹಿಂದಕ್ಕೆ ಕಳಿಸುವ ಹಕ್ಕು ಯಾರಿಗೂ ಇಲ್ಲ. ನಿನಗೆ ಹಾಗೆ ಯಾರಾದರೂ ಹೇಳಿದರೆ ಅಲ್ಲಿಂದ ಕದಲಬೇಡ, ಮೇಲಿನವರನ್ನು ಕರೆಸು. ಕಾರ್ಡ್ ಮಾತ್ರ ಚೀಲದಲ್ಲೇ ಇರಲಿ.

• ಕಡಿಮೆಯೆಂದರೂ ನಾಲ್ಕು ಸಲ ತಪಾಸಣೆ ಆಗಬೇಕು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆಂದೇ ಉಚಿತ ತಪಾಸಣೆ ಇರುತ್ತದೆ, ನೆನಪಿಟ್ಟುಕೊಳ್ಳುವುದಕ್ಕೂ ಸುಲಭ. ಹೋದಾಗೆಲ್ಲ ತೂಕ, ಬಿ.ಪಿ., ಮೂತ್ರ ನೋಡಿಸದೆ ಬರಬೇಡ. ಬಿ.ಪಿ. 140/90 ಮುಟ್ಟಿದರೆ ಅಲಕ್ಷ್ಯ ಮಾಡುವಂತಿಲ್ಲ. ಸ್ಕ್ಯಾನಿಂಗ್ ಮಾಡಿಸು, ಆದರೆ ಗಂಡೋ ಹೆಣ್ಣೋ ಎಂದು ಕೇಳಬೇಡ. ಕೇಳುವುದೂ ಹೇಳುವುದೂ ಎರಡೂ ಅಪರಾಧ.

• ಇನ್ನು ಊಟದ ಮಾತು. ರಾಗಿ ಮುದ್ದೆ ತಿಂದರೆ ರಕ್ತ ತಾನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ, ನೂರು ಗ್ರಾಮಿಗೆ 340 ಮಿಲಿಗ್ರಾಂಗೂ ಹೆಚ್ಚು. ಮಗುವಿನ ಮೂಳೆಗೆ ಅದು ಬೇಕು. ಆದರೆ ರಾಗಿಯಲ್ಲಿರುವ ಕಬ್ಬಿಣ ಮೈಗೆ ಪೂರ್ತಿ ಹತ್ತುವುದಿಲ್ಲ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡಿದರೆ ಹೆಚ್ಚು ಹತ್ತುತ್ತದೆ. ಮುದ್ದೆಯ ಜೊತೆ ಹುರುಳಿ ಸಾರೋ ಅವರೆಕಾಳು ಸಾರೋ ಇರಲಿ, ನುಗ್ಗೆ ಸೊಪ್ಪು ಇರಲಿ, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೋ. ಊಟವಾದ ಕೂಡಲೇ ಕಾಫಿ, ಟೀ ಬೇಡ, ಒಂದು ಗಂಟೆ ತಡೆ. ತಿನ್ನುವವಳಾದರೆ ಮೊಟ್ಟೆ, ಮಾಂಸ ಬಿಡಬೇಡ. ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಿಂದ ಬಸುರಿಗೆ ಬರುವ ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಬಸುರಿಯದೇ. ಅತ್ತೆಯಂದಿರೇ, ಅದನ್ನು ಮನೆಮಂದಿಗೆಲ್ಲ ಹಂಚಬೇಡಿ.

• ಇಷ್ಟು ತಿಂದರೂ ಕಬ್ಬಿಣದ ಮಾತ್ರೆ ಬೇಕೇ ಬೇಕು. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180, ಹೆರಿಗೆಯಾದ ಮೇಲೆ ಮತ್ತೆ 180. ಮಲ ಕಪ್ಪಾಗುತ್ತದೆ, ಹೆದರಬೇಡ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ನುಂಗಿ ಮಲಗು. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ ಇರಲಿ, ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ವ್ಯರ್ಥ. ಹಿಮೋಗ್ಲೋಬಿನ್ 11ಕ್ಕಿಂತ ಇಳಿದರೆ ರಕ್ತಹೀನತೆ. 7ಕ್ಕಿಂತ ಇಳಿದರೆ ಆಸ್ಪತ್ರೆಗೇ ಸೇರಬೇಕು.

• ನೀರಿನ ವಿಚಾರ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಪಾವಗಡ, ಮಧುಗಿರಿ, ಸಿರಾ ಮಾತ್ರವಲ್ಲ, ನಮ್ಮ ತುಮಕೂರು ಜಿಲ್ಲೆಯ ಹಲವು ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ನಿಮ್ಮ ಬೋರಿನ ನೀರನ್ನು ಪಂಚಾಯಿತಿಗೆ ಹೇಳಿ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಬಸುರಿ ಇರುವ ಮನೆಗೆ ಶುದ್ಧ ನೀರಿನ ಘಟಕದಿಂದ ಎರಡು ಕ್ಯಾನ್ ತರುವುದು ಗಂಡನ ಕೆಲಸ.

• ಗಂಡನಿಗೆ ಇನ್ನೊಂದು ಕೆಲಸವೂ ಇದೆ. ಮನೆಯೊಳಗೆ ಬೀಡಿ ಸೇದಬಾರದು. ಹೊಗೆಸೊಪ್ಪು, ಕಡ್ಡಿಪುಡಿ ಹಾಕುವ ಹೆಂಗಸರೂ ನಮ್ಮಲ್ಲಿ ಕಡಿಮೆಯಿಲ್ಲ. ಬಸುರಿ ಅದನ್ನು ಅಗಿದರೆ ಮಗುವಿನ ತೂಕ ಕುಗ್ಗುತ್ತದೆ. ಅಡಿಕೆ ಮೂಟೆ, ನೀರಿನ ಕೊಡ ಹೊರುವುದು ಬೇರೆಯವರ ಪಾಲಿಗಿರಲಿ. ನಡಿಗೆ, ಮನೆಯ ಹಗುರ ಕೆಲಸ ಒಳ್ಳೆಯದು.

• ಈ ಸೂಚನೆಗಳನ್ನು ಮನೆಯವರೆಲ್ಲ ತಿಳಿದಿರಬೇಕು: ರಕ್ತ ಹೋಗುವುದು, ಮುಖ ಕೈ ಊದುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಜ್ವರ, ನೀರು ಒಡೆಯುವುದು, ಮಗುವಿನ ಓಡಾಟ ಕಡಿಮೆಯಾಗುವುದು. ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಗಾಡಿ ತಡವಾದರೆ ಯಾರ ಕಾರಿನಲ್ಲಿ ಹೋಗುವುದು, ರಕ್ತ ಬೇಕಾದರೆ ಯಾರು ಕೊಡುತ್ತಾರೆ ಎಂಬುದನ್ನು ಎಂಟನೇ ತಿಂಗಳಲ್ಲೇ ಮಾತಾಡಿಕೊಂಡಿರಿ. ಸೀಮಂತಕ್ಕೆ ನೆಂಟರೆಲ್ಲ ಸೇರುತ್ತಾರಲ್ಲ, ಆ ದಿನವೇ ಕೇಳಿಬಿಡಿ.

• ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ನಮ್ಮದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಕಾಸು ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಆಸ್ಪತ್ರೆ ಕೈಗೆಟುಕದ ಹಳ್ಳಿಗಳಲ್ಲಿ ಆ ಕೈ ಎಷ್ಟು ಜೀವ ಉಳಿಸಿತೋ! ಆದರೂ ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದರೆ ಎರಡು ಗಂಟೆಯೊಳಗೆ ಪ್ರಾಣ ಹೋಗಬಹುದು, ಆಗ ಬೇಕಾಗುವ ಇಂಜೆಕ್ಷನ್, ರಕ್ತ ಮನೆಯಲ್ಲಿ ಇರುವುದಿಲ್ಲ. ನರಸಮ್ಮನವರಿಂದ ಕಲಿಯಬೇಕಾದದ್ದು ನೋವು ತಿನ್ನುವವಳ ಕೈ ಬಿಡದೆ ಪಕ್ಕದಲ್ಲಿ ಕೂರುವುದನ್ನು. ತಾಯಿಯೋ ಅಕ್ಕನೋ ಒಬ್ಬರು ಜೊತೆಗೆ ಹೋಗಿ.

• ಇದನ್ನು ಬರೆಯುವಾಗ ಕೈ ನಡುಗುತ್ತದೆ. 2023ರ ಜುಲೈನಲ್ಲಿ ನಮ್ಮ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕವೆಂದು ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗಿನ ಗುಡಿಸಲಲ್ಲಿ ಇಟ್ಟರು. ಮಳೆ, ಗಾಳಿ, ಶೀತ. ಮಗು ಉಳಿಯಲಿಲ್ಲ. ಹಸುಗೂಸಿಗೆ ತನ್ನ ಮೈಯ ಬಿಸಿಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ, ಅದರಲ್ಲೂ ಎರಡೂವರೆ ಕಿಲೋಗಿಂತ ಕಡಿಮೆ ತೂಕದ್ದಾದರೆ ಒಂದು ರಾತ್ರಿಯ ಚಳಿಯೂ ಸಾಕು. ಅದನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಹಾಕಿ, ಮೇಲೆ ಹೊದೆಸಬೇಕು. ಬಾಣಂತಿಯನ್ನೂ ಕೂಸನ್ನೂ ಹಾಗೆ ಊರ ಹೊರಗಿಡುವುದು 2017ರ ಮೌಢ್ಯ ವಿರೋಧಿ ಕಾಯ್ದೆಯ ಪ್ರಕಾರ ಅಪರಾಧ. ಹಟ್ಟಿಯ ಹಿರಿಯರೇ, ತಾಯಿ ಮಗು ಮನೆಯೊಳಗಿದ್ದರೆ ಯಾವ ದೇವರೂ ಮುನಿಯುವುದಿಲ್ಲ. ಹಟ್ಟಿಯವರನ್ನು ಬೆರಳು ಮಾಡಿ ತೋರಿಸುವ ಮೊದಲು ನಾವೂ ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ಗಾಳಿ ಬೆಳಕಿಲ್ಲದ ಕೋಣೆಯಲ್ಲಿ ಬಾಣಂತಿಯನ್ನು ಕೂಡಿಹಾಕಿ, ಸಾಂಬ್ರಾಣಿ ಹೊಗೆ ಹಾಕಿ ಕೂಸನ್ನು ಕೆಮ್ಮಿಸುವವರು ಎಲ್ಲ ಜಾತಿಯಲ್ಲೂ ಇದ್ದೇವೆ.

• ಬಾಣಂತಿಗೆ ನೀರು ಕೊಟ್ಟರೆ ಮೈ ಊದುತ್ತದೆ ಎನ್ನುವುದು ಸುಳ್ಳು. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು, ಕೇಳಿದಷ್ಟು ಕೊಡಿ. ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಕೊಬ್ಬರಿ ಹಾಕಿದ ಅಂಟಿನುಂಡೆ ಎಲ್ಲ ಇರಲಿ. ಜೊತೆಗೆ ಬೇಳೆ, ತರಕಾರಿ, ಹಣ್ಣೂ ಇರಲಿ. ಬರೀ ಅನ್ನ ತುಪ್ಪದಲ್ಲಿ ಮೂರು ತಿಂಗಳು ತಳ್ಳಬೇಡಿ.

• ಹುಟ್ಟಿದ ಒಂದು ಗಂಟೆಯೊಳಗೆ ಮಗು ಎದೆಗೆ ಬರಲಿ. ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವವರು ಈಗಲೂ ಇದ್ದಾರೆ. ಹಸು ಈದಾಗ ಕರುವಿಗೆ ಗಿಣ್ಣು ಕುಡಿಸದಿದ್ದರೆ ಕರು ಬದುಕುವುದಿಲ್ಲ ಎಂದು ಗೊತ್ತಿರುವ ನಾವು, ನಮ್ಮ ಕೂಸಿಗೆ ಅದನ್ನೇ ತಪ್ಪಿಸುತ್ತೇವಲ್ಲ! ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ. ಜೇನು, ಸಕ್ಕರೆ ನೀರು, ಹರಳೆಣ್ಣೆ, ಬಜೆ ಒಂದೂ ಬೇಡ.

• ಹೊಕ್ಕುಳಿಗೆ ಬೂದಿ, ಅರಿಶಿನ, ಎಣ್ಣೆ ಹಚ್ಚಬೇಡಿ, ಒಣಗಿದ್ದರೆ ತಾನೇ ಬೀಳುತ್ತದೆ. ಕಿವಿ ಮೂಗಿಗೆ ಎಣ್ಣೆ ಬಿಡಬೇಡಿ. ಮೊದಲ ದಿನ ಸ್ನಾನ ಬೇಡ. ಬಿ.ಸಿ.ಜಿ., ಪೋಲಿಯೊ, ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡೇ ಮನೆಗೆ ಬನ್ನಿ. ಜನನ ನೋಂದಣಿಗೆ 21 ದಿನ ಗಡುವು.

• ಹೆರಿಗೆಯಾದ ಹೊಸದರಲ್ಲಿ ಅಳು ಬರುವುದುಂಟು. ಎರಡು ವಾರ ಕಳೆದರೂ ಮಂಕು ಹರಿಯದಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಬೇಡವೆನಿಸಿದರೆ ಅದು ಕಾಯಿಲೆ, ಔಷಧಿ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ದೃಷ್ಟಿ ತೆಗೆಸಿ ಸುಮ್ಮನಾಗಬೇಡಿ.

• ಮುಂದಿನ ಮಗುವಿಗೆ ಮೂರು ವರ್ಷವಾದರೂ ಅಂತರ ಇರಲಿ. ಕಾಪರ್-ಟಿಯನ್ನು ಹೆರಿಗೆಯಾದ 48 ಗಂಟೆಯೊಳಗೇ ಹಾಕಿಸಿಕೊಳ್ಳಬಹುದು. ಬೇಕೋ ಬೇಡವೋ ಎಂಬುದನ್ನು ಎಂಟನೇ ತಿಂಗಳ ತಪಾಸಣೆಯಲ್ಲೇ ಡಾಕ್ಟರ ಜೊತೆ ಮಾತಾಡಿ ಇಟ್ಟುಕೋ. ನೋವು ತಿನ್ನುವ ಹೊತ್ತಿನಲ್ಲಿ ಆ ಮಾತಿಗೆ ಬಿಡುವಿರುವುದಿಲ್ಲ.