ಮನೆಯ ಫೋನಿಗೆ ವರ್ಷಕ್ಕೆಷ್ಟು?

ಸಾಗರ ತಾಲ್ಲೂಕಿನ ನಮ್ಮ ಹಳ್ಳಿಮನೆಯ ಹಳೇ ಲ್ಯಾಂಡ್‌ಲೈನ್ ತೆಗೆಸುವ ಮಾತು ಬಂದಾಗ ಎಲ್ಲರೂ ಕೇಳಿದ್ದು, ತಿಂಗಳಿಗೆ ಯಾವುದು ಅಗ್ಗ ಅಂತ. ನನ್ನ ಲೆಕ್ಕ ಬೇರೆ ಇತ್ತು. ಜುಲೈ ತಿಂಗಳ ಮಳೆಯಲ್ಲಿ, ಕರೆಂಟು ಹೋದ ರಾತ್ರಿ, ವಯಸ್ಸಾದ ಅಮ್ಮ ಕತ್ತಲಲ್ಲಿ ಕೈ ಚಾಚಿದರೆ ಫೋನು ಅದೇ ಜಾಗದಲ್ಲಿ ಸಿಗಬೇಕು, ಎತ್ತಿದರೆ ಮಾತು ಕೇಳಬೇಕು. ಅದಕ್ಕೆ ವರ್ಷಕ್ಕೆ ಎಷ್ಟು ಬೀಳುತ್ತದೆ?

ತಾಮ್ರದ ತಂತಿಯ ಕಾಲದಲ್ಲಿ ಈ ಸೌಕರ್ಯಕ್ಕೆ ಬೇರೆ ಖರ್ಚಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ವಿದ್ಯುತ್ತು ಅದೇ ತಂತಿಯಲ್ಲಿ ಹರಿದು ಬರುತ್ತಿತ್ತು. ಮನೆಯ ಕರೆಂಟಿನ ಹಂಗು ಅದಕ್ಕಿರಲಿಲ್ಲ. ಆದರೆ ಮರ ಬಿದ್ದು ತಂತಿ ಹರಿದರೆ ಹೋಗಿ ಜೋಡಿಸುವ ಕೈಗಳು ಈಗ ಕಡಿಮೆ. ಮಳೆಗಾಲವಿಡೀ ಸತ್ತು ಮಲಗುವ ಫೋನಿಗೆ ಬಾಡಿಗೆ ಕಟ್ಟುವುದರಲ್ಲಿ ಅರ್ಥವಿಲ್ಲ.

ಮನೆಯೊಳಗೆ ಮೊಬೈಲ್ ಸಿಗ್ನಲ್ ಚೆನ್ನಾಗಿದ್ದರೆ ಹೆಚ್ಚು ಯೋಚಿಸಬೇಕಿಲ್ಲ. ಸಿಮ್ ಹಾಕುವ ಟೇಬಲ್ ಫೋನ್ ತನ್ನಿ. ನೋಡಲು ಹಳೇ ಫೋನಿನಂತೆಯೇ, ಒಳಗೆ ಬ್ಯಾಟರಿ ಇರುತ್ತದೆ. 2ಜಿ ಮಾದರಿಯಲ್ಲಿ ಜಿಯೊ ಸಿಮ್ ನಡೆಯುವುದಿಲ್ಲ, ಅದಕ್ಕೆ 4ಜಿ ಮಾದರಿಯೇ ಬೇಕು. ಕೊಳ್ಳುವ ಮುಂಚೆ ಕೇಳಿ. ರೀಚಾರ್ಜಿನಲ್ಲೂ ಉಳಿತಾಯವಿದೆ. ಇಂಟರ್ನೆಟ್ ಬೇಡದವರಿಗೆ ಬರೀ ಮಾತು ಮತ್ತು ಎಸ್‌ಎಂಎಸ್‌ನ ಪ್ಯಾಕ್ ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಮರುತಿಂಗಳು ಏರ್‌ಟೆಲ್ ತಂದ ಅಂಥ ವರ್ಷದ ಪ್ಯಾಕಿಗೆ 1,849 ರೂಪಾಯಿ. ಆಗ 199 ರೂಪಾಯಿಯ 28 ದಿನದ ರೀಚಾರ್ಜ್ ಹಾಕಿಸುತ್ತಿದ್ದವರಿಗೆ ವರ್ಷಕ್ಕೆ 13 ಸಲ ಆಗಿ 2,587 ಬೀಳುತ್ತಿತ್ತು. ಹಿರಿಯರ ಫೋನಿಗೆ ಈ ಮಾತಿನ ಪ್ಯಾಕನ್ನು ಕೇಳಿಯೇ ಪಡೆಯಬೇಕು, ಅಂಗಡಿಯವರು ತಾವಾಗಿ ಹೇಳುವುದು ಅಪರೂಪ.

ನಮ್ಮ ಮನೆಯಲ್ಲಿ ಸಿಗ್ನಲ್ ಬೇಕೆಂದರೆ ತೋಟದ ದಿಬ್ಬ ಹತ್ತಬೇಕು. ಹಾಗಾಗಿ ಫೈಬರ್ ಬ್ರಾಡ್‌ಬ್ಯಾಂಡ್. ಇಲ್ಲಿ ಒಂದು ಎಚ್ಚರಿಕೆ: ಪ್ರೀಪೇಯ್ಡ್ ರೀಚಾರ್ಜಿನ ದರದಲ್ಲಿ ತೆರಿಗೆ ಸೇರಿರುತ್ತದೆ, ಬ್ರಾಡ್‌ಬ್ಯಾಂಡಿನದರಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಜಾಹೀರಾತಿನ 399 ರೂಪಾಯಿ ಶೇ 18 ಜಿಎಸ್‌ಟಿ ಸೇರಿ 471 ಆಗುತ್ತದೆ, ವರ್ಷಕ್ಕೆ ಸುಮಾರು 5,650. ಬರೀ ಮಾತಿಗೆ ಇದು ದುಬಾರಿಯೇ. ಆದರೆ ವೈಫೈ ಕಾಲಿಂಗ್ ಇರುವ ಮೊಬೈಲುಗಳಿಗೂ ಮನೆಯೊಳಗೆ ಜೀವ ಬರುತ್ತದೆ. ಆ ಸೌಲಭ್ಯ ನಮ್ಮ ದೇಶಕ್ಕೆ ಬಂದದ್ದು 2019ರ ಕೊನೆಗೆ. ಸಿಗ್ನಲ್ ಇಲ್ಲದ ಮಲೆನಾಡಿನ ಮನೆಗಳಿಗೆ ಅದರಷ್ಟು ಉಪಕಾರಿ ಬೇರೊಂದಿಲ್ಲ ಅಂತ ನನ್ನ ಅನಿಸಿಕೆ.

ಫೈಬರ್ ಪೆಟ್ಟಿಗೆಯ ಹಿಂದೆ ಫೋನ್ ಎಂದು ಬರೆದ ಸಣ್ಣ ಕಿಂಡಿ ಇರುತ್ತದೆ. ಹಳೇ ಬಟನ್ ಫೋನಿನ ವೈರನ್ನು ಅದಕ್ಕೇ ಸಿಕ್ಕಿಸಿದರೆ ಸಾಕು. ಅಮ್ಮನ ಫೋನು ಅದೇ ಗೂಡಿನಲ್ಲಿ ಕೂತಿತು. ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ನಂಬರುಗಳ ಸಾಲು ಹಾಗೇ ಇದೆ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮೊದಲು ಸೊನ್ನೆ ಒತ್ತಬೇಕಾದ್ದರಿಂದ ಪ್ರತಿ ಮೊಬೈಲ್ ನಂಬರಿನ ಶುರುವಿನಲ್ಲೂ ದಪ್ಪಗೆ ಒಂದು ಸೊನ್ನೆ. ತುರ್ತಿಗೆ 112 ಎಲ್ಲಕ್ಕಿಂತ ಮೇಲಿದೆ. ವಾಟ್ಸ್‌ಆ್ಯಪ್ ಕರೆಯಿಂದ 112ಕ್ಕೆ ಮಾತಾಡಲಾಗದು, ಹಾಗಾಗಿ ಅದನ್ನು ಮನೆಯ ಫೋನ್ ಎಂದು ನಾನು ಎಣಿಸುವುದೇ ಇಲ್ಲ.

ಇನ್ನು ಕರೆಂಟು. ಕರೆಂಟು ಹೋದರೆ ಪೆಟ್ಟಿಗೆಯ ಹಸಿರು ದೀಪ ಆರುತ್ತದೆ, ಜೊತೆಗೇ ಫೋನೂ. ಇನ್ವರ್ಟರ್ ಇದ್ದರೂ ಪೆಟ್ಟಿಗೆಯ ಪ್ಲಗ್ಗು ಇನ್ವರ್ಟರ್ ಲೈನಿನಲ್ಲಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಾವಿರ, ಒಂದೂವರೆ ಸಾವಿರಕ್ಕೆ ಸಿಗುತ್ತದೆ, ಕೆಲವು ಗಂಟೆ ತಡೆಯುತ್ತದೆ. ವೇಗದ ದುಬಾರಿ ಪ್ಲಾನಿಗೆ ಸುರಿಯುವ ದುಡ್ಡನ್ನು ಇದಕ್ಕೆ ಹಾಕಿ.

ಬಿಎಸ್‌ಎನ್‌ಎಲ್ ತಾಮ್ರದಿಂದ ಅದರದ್ದೇ ಫೈಬರಿಗೆ ಹೋದರೆ ಹಳೇ ನಂಬರು ಉಳಿಸಿಕೊಳ್ಳಬಹುದು, ಅರ್ಜಿ ಕೊಡುವಾಗಲೇ ಕೇಳಿ. ಮೊಬೈಲಿನಂತೆ ಕಂಪನಿ ಬದಲಿಸಿಯೂ ನಂಬರು ಒಯ್ಯುವ ಅನುಕೂಲ ಲ್ಯಾಂಡ್‌ಲೈನಿಗಿಲ್ಲ. ಪೂರ್ತಿ ಮುಚ್ಚುವವರು ಹಳೇ ಠೇವಣಿಯ ರಸೀದಿ ಹುಡುಕಿ ಅರ್ಜಿಯ ಜೊತೆ ಲಗತ್ತಿಸಿ. ಬಾಕಿ ಬಿಲ್ಲು ಕಳೆದು ಉಳಿದದ್ದು ವಾಪಸ್ ಬರಬೇಕು.